ಛಾವಣಿಯ ಮೇಲೆ ತೆರೆದ ಪುಸ್ತಕ

ಪುಸ್ತಕಕ್ಕೆ ತೂಕವಿದೆ ಎಂಬುದು ಓದುವವರ ಗಮನಕ್ಕೆ ಬರುವುದು ಕಡಿಮೆ. ಮೊಣಕೈ ಊರುವುದು, ಮಗ್ಗುಲು ಬದಲಿಸುವುದು, ಹೆಬ್ಬೆರಳಲ್ಲಿ ಪುಟ ಒತ್ತಿ ಹಿಡಿಯುವುದು, ಬೆರಳಿಗೆ ಎಂಜಲು ಸವರಿ ಹಾಳೆ ಮಗುಚುವುದು ಇವೆಲ್ಲ ಅರಿವಿಗೆ ಬಾರದಂತೆ ನಡೆದುಹೋಗುತ್ತವೆ. ಹಾಗಾಗಿ ಓದು ಎಂದರೆ ಕಣ್ಣಿನ ಕೆಲಸ ಎಂದುಕೊಂಡಿದ್ದೇವೆ. ಪಾರ್ಶ್ವವಾಯು ಬಡಿದವರನ್ನು, ಸ್ನಾಯುಗಳ ಬಲ ಉಡುಗಿದವರನ್ನು, ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆಯಲ್ಲೇ ಉಳಿದವರನ್ನು ಕೇಳಿದರೆ ಬೇರೆಯೇ ಮಾತು ಹೇಳುತ್ತಾರೆ. ಕಣ್ಣು ಚೆನ್ನಾಗಿದೆ, ಓದುವ ಆಸೆಯಿದೆ, ಎದುರಿನ ಕಪಾಟಿನಲ್ಲಿ ಪುಸ್ತಕವೂ ಇದೆ. ಆದರೆ ಅದು ಕೈಗೆ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ, ನಿಂತರೂ ಪುಟ ಮಗುಚಲು ಇನ್ನೊಬ್ಬರು ಬೇಕು. ಗ್ರಂಥಾಲಯಗಳ ಚರಿತ್ರೆಯಲ್ಲಿ ಈ ಜನ ಬಹಳ ಕಾಲ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಅವರ ಬಗ್ಗೆ ಯೋಚಿಸಿದವರು ಇರಲೇ ಇಲ್ಲ ಎಂದಲ್ಲ. 1588ರಲ್ಲಿ ಪ್ಯಾರಿಸ್ಸಿನಲ್ಲಿ ಯಂತ್ರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. ಬರೆದವನು ಅಗೊಸ್ತಿನೊ ರಾಮೆಲ್ಲಿ, ಇಟಲಿಯವನು, ಫ್ರಾನ್ಸಿನ ದೊರೆಯ ಬಳಿ ಸೇನಾ ಎಂಜಿನಿಯರ್ ಆಗಿದ್ದವನು. ಇಟಾಲಿಯನ್ ಮತ್ತು ಫ್ರೆಂಚ್ ಎರಡರಲ್ಲೂ ವಿವರಣೆಯಿದ್ದ ಆ ಪುಸ್ತಕದಲ್ಲಿ 195 ಚಿತ್ರಗಳಿವೆ. ನೀರೆತ್ತುವ ಯಂತ್ರಗಳೇ ಹೆಚ್ಚು. ಜೊತೆಗೆ ಬೀಸುವ ಗಿರಣಿಗಳು, ಭಾರ ಎಳೆಯುವ ರಾಟೆಗಳು, ಯುದ್ಧದ ಸಲಕರಣೆಗಳು. ಅವುಗಳ ನಡುವೆ ಇದ್ದಕ್ಕಿದ್ದಂತೆ ಒಬ್ಬ ಓದುಗ ಕಾಣಿಸಿಕೊಳ್ಳುತ್ತಾನೆ. ಅವನು ಕೂತಿದ್ದಾನೆ; ಎದುರಿಗೆ ಆಳೆತ್ತರದ ಮರದ ಚಕ್ರ. ಚಕ್ರದ ಸುತ್ತ ಓರೆಯಾಗಿ ಕೂರಿಸಿದ ಹಲಗೆಗಳು, ಅವುಗಳ ಮೇಲೆ ತೆರೆದಿಟ್ಟ ಪುಸ್ತಕಗಳು. ಚಕ್ರ ತಿರುಗಿಸಿದರೆ ಬೇಕಾದ ಪುಸ್ತಕ ಮುಖದೆದುರು ಬರುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಕೂತವರು ಮೇಲೆ ಹೋದರೂ ತಲೆಕೆಳಗಾಗದಂತೆ, ಇಲ್ಲಿ ಒಳಗಿನ ಹಲ್ಲುಚಕ್ರಗಳು ಹಲಗೆಗಳನ್ನು ಸದಾ ಒಂದೇ ಓರೆಯಲ್ಲಿ ಹಿಡಿದಿರುತ್ತವೆ.

ಈ ಚಿತ್ರವನ್ನು ಪಂಡಿತರ ಓದಿನ ಹುಚ್ಚಿಗೆ ಸಂಕೇತವೆಂದು ಎಷ್ಟೋ ಕಡೆ ಅಚ್ಚು ಹಾಕುತ್ತಾರೆ. ಕಂಪ್ಯೂಟರ್ ಪರದೆಯ ಮುತ್ತಜ್ಜ ಎಂದವರೂ ಇದ್ದಾರೆ. ಇದು ಯಾರಿಗಾಗಿ ಎಂಬುದನ್ನು ರಾಮೆಲ್ಲಿಯೇ ವಿವರಣೆಯಲ್ಲಿ ಹೇಳಿದ್ದಾನೆ: ಓದಿನಲ್ಲಿ ಸುಖ ಕಾಣುವ ಎಲ್ಲರಿಗೂ, ಅದರಲ್ಲೂ ಮೈ ಸ್ವಸ್ಥವಿಲ್ಲದೆ ಗೌಟಿನಿಂದ ನರಳುವವರಿಗೆ. ಕಾಲ ಹೆಬ್ಬೆರಳು ಊದಿಕೊಂಡು ಪಾದ ನೆಲಕ್ಕಿಡಲಾಗದ ಮನುಷ್ಯ ಕಪಾಟಿನಿಂದ ಕಪಾಟಿಗೆ ಓಡಾಡಲಾರ. ಹಾಗಾಗಿ ಕಪಾಟೇ ಅವನ ಮುಂದೆ ತಿರುಗಲಿ. ರಾಮೆಲ್ಲಿ ಇದನ್ನು ಕಟ್ಟಿಸಿದ ಎನ್ನಲು ಆಧಾರವಿಲ್ಲ. ಕಟ್ಟಿದ್ದರೂ ಅರಮನೆಯಂಥ ಮನೆ, ನಲವತ್ತು ಐವತ್ತು ಸ್ವಂತ ಪುಸ್ತಕ, ಸಲಕರಣೆ ಕಟ್ಟಿಕೊಡುವ ಬಡಗಿ ಎಲ್ಲ ಇದ್ದವರಿಗಷ್ಟೇ ಅದು ದಕ್ಕುತ್ತಿತ್ತು. ನಮ್ಮಲ್ಲಿ ಚಕ್ರ ಇರಲಿಲ್ಲ, ವ್ಯಾಸಪೀಠ ಇತ್ತು. ಎರಡು ಹಲಗೆಗಳನ್ನು ಕತ್ತರಿಯಂತೆ ಕೂಡಿಸಿದ ಆ ಪುಟ್ಟ ಪೀಠ ಗಮಕಿಗಳ ಮುಂದೆ ಇಂದಿಗೂ ಕಾಣುತ್ತದೆ. ಗ್ರಂಥ ನೆಲಕ್ಕೆ ತಾಗಬಾರದೆಂಬ ಗೌರವ ಅದರ ಮೊದಲ ಕಾರಣವಿರಬಹುದು. ಆದರೆ ಗ್ರಂಥದ ಭಾರ ಹೊತ್ತು ಎರಡೂ ಕೈಗಳನ್ನು ಬಿಡುಗಡೆ ಮಾಡುವುದೂ ಅದರದೇ ಕೆಲಸ.

ಗೌಟಿನ ಶ್ರೀಮಂತರಿಗೆ ಯಂತ್ರದ ಚಿತ್ರ ಬರೆದ ಯೂರೋಪು ಬಡವರ ಮನೆಬಾಗಿಲಿಗೆ ಪುಸ್ತಕ ಒಯ್ಯಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಆ ಕೆಲಸ ಮೊದಲಾದದ್ದು ಅಂಧರಿಂದ. ವಿಲಿಯಂ ಮೂನ್ ಹುಟ್ಟಿದ್ದು 1818ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ಎಳವೆಯಲ್ಲಿ ಬಂದ ಜ್ವರ ಒಂದು ಕಣ್ಣನ್ನು ತಿಂದಿತ್ತು. ಇಪ್ಪತ್ತೊಂದನೆಯ ವಯಸ್ಸಿಗೆ ಎರಡನೆಯದೂ ಹೋಯಿತು. ಬ್ರೈಟನ್ ಊರಿನಲ್ಲಿ ಅಂಧರಿಗೆ ಓದು ಕಲಿಸತೊಡಗಿದ ಅವನಿಗೆ ಒಂದು ವಿಷಯ ಬೇಗ ಗೊತ್ತಾಯಿತು. ಆಗ ಬಳಕೆಯಲ್ಲಿದ್ದ ಉಬ್ಬಕ್ಷರದ ಲಿಪಿಗಳು ಮಕ್ಕಳಿಗೆ ಹೇಗೋ ಹತ್ತುತ್ತಿದ್ದವು. ದುಡಿದು ದುಡಿದು ಬೆರಳ ತುದಿ ಒರಟಾದ, ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರಿಗೆ ಹತ್ತುತ್ತಿರಲಿಲ್ಲ. ಅವರೇ ಮನೆಯ ಮೂಲೆಯಲ್ಲಿ ಕೂತುಬಿಟ್ಟವರು. ಅಂಧರ ಶಾಲೆಗಳಿಗೆ ಸೇರುವ ವಯಸ್ಸೂ ಅವರದಲ್ಲ.

ಮೂನ್ 1845ರಲ್ಲಿ ತನ್ನದೇ ಲಿಪಿಯನ್ನು ಹೊರತಂದ. ರೋಮನ್ ಅಕ್ಷರಗಳ ಮೈಮಾಂಸವನ್ನೆಲ್ಲ ತೆಗೆದು ಎಲುಬನ್ನಷ್ಟೇ ಉಳಿಸಿದ ಲಿಪಿ ಅದು. ಹಿಂದೆ ಕಣ್ಣಿನಿಂದ ಓದಿದ್ದವರಿಗೆ ಬೆರಳಲ್ಲಿ ಮುಟ್ಟಿದರೆ ಹಳೆಯ ಪರಿಚಯದ ನೆನಪಾಗುತ್ತಿತ್ತು. ಒಂದು ಸಾಲು ಎಡದಿಂದ ಬಲಕ್ಕೆ ಹೋದರೆ ಮುಂದಿನದು ಬಲದಿಂದ ಎಡಕ್ಕೆ ಬರುತ್ತಿತ್ತು, ನೇಗಿಲು ಹೂಡಿದ ಎತ್ತು ಸಾಲಿನ ಕೊನೆಯಲ್ಲಿ ತಿರುಗುವ ಹಾಗೆ. ಬೆರಳು ಎತ್ತದೆ ಓದಬಹುದಿತ್ತು. ಮುಂದಿನ ಸಾಲು ಎಲ್ಲಿ ಎಂದು ತಡಕಾಡುವ ಗೋಜಿಲ್ಲ. ಇದರ ಬೆಲೆಯೂ ಇತ್ತು. ದಪ್ಪ ಕಾಗದ, ದೊಡ್ಡ ಅಕ್ಷರ. ಬೈಬಲ್ಲಿನಂಥ ಗ್ರಂಥ ಹತ್ತಾರು ಸಂಪುಟಗಳಷ್ಟಾಗುತ್ತಿತ್ತು. ಅಚ್ಚಿನ ಫಲಕಗಳಿಗೆ ಹಣ ಕೊಟ್ಟವರಲ್ಲಿ ಸರ್ ಚಾರ್ಲ್ಸ್ ಲೌದರ್ ಮುಖ್ಯ. ಅವನೂ ಅಂಧನೇ.

ಲಿಪಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅದರ ಹಿಂದೆ ಬೆಳೆದ ಮನೆಪಾಠದ ಸಂಘಗಳು. 1855ರಲ್ಲಿ ಲಂಡನ್ನಿನಲ್ಲಿ ಇಂಥದೊಂದು ಸಂಘ ಹುಟ್ಟಿತು. ಅದರ ಉಪಾಧ್ಯಾಯರು ಬಗಲಲ್ಲಿ ಪುಸ್ತಕ ಹೊತ್ತು ಮನೆಯಿಂದ ಮನೆಗೆ ಹೋಗುತ್ತಿದ್ದರು. ಅವರಲ್ಲಿ ಅನೇಕರಿಗೆ ಸ್ವತಃ ಕಣ್ಣಿರಲಿಲ್ಲ. ಒಂದು ಮನೆಯಲ್ಲಿ ಪಾಠ, ಇನ್ನೊಂದರಲ್ಲಿ ಓದಿ ಮುಗಿಸಿದ ಸಂಪುಟ ವಾಪಸು ಪಡೆದು ಮುಂದಿನದನ್ನು ಕೊಡುವುದು, ಜೊತೆಗೆ ಹತ್ತು ನಿಮಿಷ ಮಾತು. ಗ್ರಂಥಾಲಯ ಎಂದರೆ ಕಟ್ಟಡ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಕಾಲ್ನಡಿಗೆಯ ಗ್ರಂಥಾಲಯ ಇದು. ಓದಲು ಸಿಗುತ್ತಿದ್ದುದು ಮಾತ್ರ ಬಹುಮಟ್ಟಿಗೆ ಬೈಬಲ್ಲಿನ ಭಾಗಗಳು ಮತ್ತು ನೀತಿಯ ಪುಸ್ತಕಗಳು. ದಾನಿಗಳಿಗೆ ಅಂಧರ ಆತ್ಮದ ಬಗ್ಗೆ ಇದ್ದ ಕಾಳಜಿ ಅವರ ಬೇಸರದ ಬಗ್ಗೆ ಇರಲಿಲ್ಲ.

1882ರಲ್ಲಿ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಈ ಕೆಲಸ ಮುಂದುವರಿಯಿತು. ಮೂನ್ ಅಮೆರಿಕಕ್ಕೆ ಹೋದಾಗ ಫಿಲಡೆಲ್ಫಿಯಾದಲ್ಲಿ ಮನೆಪಾಠದ ಸಂಘವೂ ಅಂಧರಿಗೆ ಉಚಿತವಾಗಿ ಪುಸ್ತಕ ಎರವಲು ಕೊಡುವ ಗ್ರಂಥಾಲಯವೂ ಒಟ್ಟಿಗೆ ಹುಟ್ಟಿದವು. ಅದೇ ವರ್ಷ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಾರ್ಥಾ ಅರ್ನಾಲ್ಡ್ ಎಂಬ ಅಂಧ ಮಹಿಳೆ ತಮ್ಮ ಮನೆಯಿಂದಲೇ ಪುಸ್ತಕ ಎರವಲು ಕೊಡಲು ಶುರುಮಾಡಿದರು. ಬ್ರಿಟನ್ನಿನ ಅಂಧರ ರಾಷ್ಟ್ರೀಯ ಗ್ರಂಥಾಲಯ ಬೆಳೆದದ್ದು ಆ ಮನೆಯಿಂದ.

ಆದರೆ ಉಬ್ಬಕ್ಷರದ ಪುಸ್ತಕ ಊರಿಂದೂರಿಗೆ ಹೋಗುವುದು ಹೇಗೆ? ಒಂದು ಕಾದಂಬರಿಗೆ ನಾಲ್ಕೈದು ಸಂಪುಟ, ಒಂದೊಂದೂ ಮಣೆಯಷ್ಟು ಅಗಲ. ಅಂಚೆ ವೆಚ್ಚವೇ ಓದುಗನನ್ನು ಮುಳುಗಿಸುವಷ್ಟು. ಈ ಗಂಟನ್ನು ಮೊದಲು ಬಿಚ್ಚಿದ ದೇಶಗಳಲ್ಲಿ ಕೆನಡಾ ಒಂದು. 1898ರಲ್ಲಿ ಅಲ್ಲಿ ಅಂಧರ ಪುಸ್ತಕಗಳಿಗೆ ಅಂಚೆ ಉಚಿತವಾಯಿತು. 1904ರಲ್ಲಿ ಅಮೆರಿಕ ಅದೇ ಕಾನೂನು ಮಾಡಿತು. 1952ರಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ವಿಶ್ವ ಅಂಚೆ ಒಕ್ಕೂಟ ಇದನ್ನು ದೇಶ ದೇಶಗಳ ನಡುವಿನ ಅಂಚೆಗೂ ವಿಸ್ತರಿಸಿತು. ಗ್ರಂಥಾಲಯ ಚರಿತ್ರೆಯ ಪುಸ್ತಕಗಳಲ್ಲಿ ಈ ವಿಷಯಕ್ಕೆ ಸಿಗುವುದು ಒಂದು ಸಾಲು. ನನ್ನ ಮಟ್ಟಿಗೆ ಇದು ಯಾವುದೇ ಅಮೃತಶಿಲೆಯ ವಾಚನಾಲಯಕ್ಕಿಂತ ದೊಡ್ಡ ಘಟನೆ. ಮನೆಯಿಂದ ಹೊರಬರಲಾಗದವರ ಪಾಲಿಗೆ ಗ್ರಂಥಪಾಲಕ ಎಂದರೆ ಅಂಚೆಯಣ್ಣನೇ.

1931ರ ಮಾರ್ಚಿನಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಪಾಸು ಮಾಡಿತು. ಮಂಡಿಸಿದವರು ನ್ಯೂಯಾರ್ಕಿನ ಪ್ರತಿನಿಧಿ ರೂತ್ ಪ್ರ್ಯಾಟ್ ಮತ್ತು ಯೂಟಾದ ಸೆನೆಟರ್ ರೀಡ್ ಸ್ಮೂಟ್. ಅದರಂತೆ ವರ್ಷಕ್ಕೆ 1 ಲಕ್ಷ ಡಾಲರ್. ಪುಸ್ತಕ ಮಾಡಿಸುವ ಹೊಣೆ ಲೈಬ್ರರಿ ಆಫ್ ಕಾಂಗ್ರೆಸ್ಸಿನದು. ಹಂಚುವ ಕೆಲಸ ದೇಶದ 19 ಗ್ರಂಥಾಲಯಗಳದು. ಕಾಯಿದೆಯ ಮಾತು ಬಿಗಿಯಾಗಿತ್ತು: ವಯಸ್ಕ ಅಂಧರಿಗೆ ಮಾತ್ರ. ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಲು 1952 ಬರಬೇಕಾಯಿತು. ಕಣ್ಣಿದ್ದೂ ಓದಲಾಗದವರು ಇದ್ದಾರೆ ಎಂಬುದು ಆ ಕಾಯಿದೆಯ ಕಲ್ಪನೆಯಲ್ಲೇ ಇರಲಿಲ್ಲ.

ಅಷ್ಟರಲ್ಲಿ ಪುಸ್ತಕಕ್ಕೆ ಬಾಯಿ ಬಂದಿತ್ತು. ಇಯಾನ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿ 1916ರಲ್ಲಿ ಸೋಮ್ ಕದನದಲ್ಲಿ ಗುಂಡು ತಗುಲಿ ಕಣ್ಣು ಕಳೆದುಕೊಂಡಾಗ ಅವನಿಗೆ ಇನ್ನೂ ಹದಿನೆಂಟು ಹತ್ತೊಂಬತ್ತರ ವಯಸ್ಸು. ಮುಂದೆ ಅಂಧ ಸೈನಿಕರ ಸಂಸ್ಥೆಯಾದ ಸೇಂಟ್ ಡನ್‌ಸ್ಟನ್ಸ್ ಅನ್ನು ನಡೆಸಿದ ಅವನು ಗ್ರಾಮಫೋನಿನಲ್ಲಿ ಇಡೀ ಪುಸ್ತಕ ತುಂಬಲು ಸಾಧ್ಯವೇ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿಸಿದ. ಆಗಿನ ಸಾಮಾನ್ಯ ರೆಕಾರ್ಡಿನ ಒಂದು ಬದಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ತಿರುಗುವ ವೇಗ ಇಳಿಸಿ, ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಒಂದು ಬದಿಗೆ ಸುಮಾರು 25 ನಿಮಿಷ ಹಿಡಿಸಿದರು. 1935ರಲ್ಲಿ ಬ್ರಿಟನ್ನಿನ ಮೊದಲ ಮಾತಾಡುವ ಪುಸ್ತಕಗಳು ಅಂಚೆಯಲ್ಲಿ ಹೊರಟವು. ಮೊದಲ ಸಾಲಿನಲ್ಲಿದ್ದುದು ಅಗಾಥಾ ಕ್ರಿಸ್ಟಿಯ ರೋಜರ್ ಆಕ್ರಾಯ್ಡ್ ಕೊಲೆಯ ಪತ್ತೇದಾರಿ ಕತೆ ಮತ್ತು ಜೋಸೆಫ್ ಕಾನ್ರಾಡನ 'ಟೈಫೂನ್'. ನೀತಿಬೋಧೆಯ ಮೂಟೆಗಳನ್ನು ಹೊತ್ತು ತಂದ ಕಾಲದಿಂದ ಇಲ್ಲಿಯವರೆಗೆ ಬಂದದ್ದನ್ನು ನೋಡಿದರೆ ಮೊದಲು ಕೊಲೆಯ ಕತೆಯನ್ನೇ ಆರಿಸಿದವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಅಮೆರಿಕದಲ್ಲಿ ಇದು ಇನ್ನೂ ಒಂದು ವರ್ಷ ಮುಂಚೆ, 1934ರಲ್ಲಿ ಆರಂಭವಾಗಿತ್ತು. ಅಲ್ಲಿ ಮುಂದೆ ನಿಂತು ಮಾಡಿಸಿದವರು ರಾಬರ್ಟ್ ಅರ್ವಿನ್, ಅವರೂ ಅಂಧರು. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ಎಲ್‌ಪಿ ರೆಕಾರ್ಡನ್ನು ಸಂಗೀತರಸಿಕರು ಇಂದಿಗೂ ಕೊಂಡಾಡುತ್ತಾರಲ್ಲ, ಅದು ಅಂಗಡಿಗೆ ಬಂದು ನೆಲೆಯೂರಿದ್ದು 1948ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಅಂಧ ಓದುಗರು ಅದೇ ವೇಗದ ರೆಕಾರ್ಡಿನಲ್ಲಿ ಪುಸ್ತಕ ಕೇಳುತ್ತಿದ್ದರು. ಎಲ್ಲರೂ ಇದನ್ನು ಸ್ವಾಗತಿಸಲಿಲ್ಲ. ಹೆಲೆನ್ ಕೆಲರ್ ಮೊದಲಿಗೆ ಇದರ ಪ್ರಚಾರಕ್ಕೆ ಬರಲು ಒಪ್ಪಲಿಲ್ಲ. ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬೀದಿಯಲ್ಲಿ ನಿಂತಿರುವಾಗ ಇದು ಸದ್ಯಕ್ಕೆ ಬೇಡವಾದ ಭೋಗ ಎಂಬುದು ಅವರ ನಿಲುವಾಗಿತ್ತು. ಕಣ್ಣಿನ ಜೊತೆ ಕಿವಿಯೂ ಇಲ್ಲದ ಅವರಿಗೆ ಆ ರೆಕಾರ್ಡುಗಳಿಂದ ಆಗುವುದೂ ಏನಿರಲಿಲ್ಲ. ಆದರೂ 1935ರ ಹೊತ್ತಿಗೆ ಮನಸ್ಸು ಬದಲಿಸಿ ರೂಸ್‌ವೆಲ್ಟರ ಸರ್ಕಾರದ ಮುಂದೆ ಇದರ ಪರವಾಗಿ ನಿಂತರು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಡಿಯಲ್ಲೇ ರೆಕಾರ್ಡು ನುಡಿಸುವ ಯಂತ್ರಗಳ ತಯಾರಿಕೆ ಶುರುವಾಯಿತು; 1942ರ ವೇಳೆಗೆ ಸುಮಾರು 23 ಸಾವಿರ ಯಂತ್ರಗಳು ಸಿದ್ಧವಾದವು. ಕೆಲರ್ ಎತ್ತಿದ್ದ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು.

ಕೇಳುವುದು ಓದೇ ಅಲ್ಲ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಕುಮಾರವ್ಯಾಸನನ್ನು ಶತಮಾನಗಳ ಕಾಲ ಕಿವಿಯಿಂದಲೇ ಓದಿಕೊಂಡು ಬಂದ ಕನ್ನಡಿಗರ ಮುಂದೆ ಈ ವಾದ ಬಹಳ ದೂರ ಹೋಗುವುದಿಲ್ಲ. ಆದರೆ ಒಬ್ಬರು ಓದಿ ಇನ್ನೊಬ್ಬರು ಕೇಳುವುದಕ್ಕೂ ಯಂತ್ರದಲ್ಲಿ ಕೇಳುವುದಕ್ಕೂ ಒಂದು ವ್ಯತ್ಯಾಸವಿದೆ. ಓದಿ ಹೇಳುವವರು ಇದ್ದಾಗ ಪುಸ್ತಕ ಅವರ ಬಿಡುವಿಗೆ, ಅವರ ಇಷ್ಟಕ್ಕೆ ಸೇರಿದ್ದಾಗುತ್ತದೆ. ಅಜ್ಜಿ ಹಾಸಿಗೆಯಲ್ಲಿದ್ದಾರೆ ಎಂದರೆ ದೇವರ ಕತೆಯನ್ನೇ ಓದಬೇಕು ಎಂದು ಮನೆಯವರು ತಾವೇ ತೀರ್ಮಾನಿಸಿಬಿಡುತ್ತಾರೆ. ಮೊಮ್ಮಗಳ ಬಾಯಲ್ಲಿ ಕೇಳಲು ಸಂಕೋಚವಾಗುವ ಕಾದಂಬರಿಗಳೂ ಲೋಕದಲ್ಲಿವೆ. ಹದಿನೈದನೆಯ ಪುಟವನ್ನು ಮತ್ತೊಮ್ಮೆ ಓದು ಎಂದು ಯಾರನ್ನಾದರೂ ಎಷ್ಟು ಸಲ ಕೇಳಲಾದೀತು? ರೆಕಾರ್ಡಿನ ಯಂತ್ರ ತಂದುಕೊಟ್ಟದ್ದು ಈ ಏಕಾಂತವನ್ನು. ಆ ಏಕಾಂತ ಕಣ್ಣಿದ್ದವರಿಗೂ ಬೇಕಾಗಿತ್ತು.

ಅವರ ಸಂಖ್ಯೆ ಹೆಚ್ಚಾಗತೊಡಗಿದ್ದು ಎರಡನೆಯ ಮಹಾಯುದ್ಧದ ಸಮಯದಲ್ಲಿ. ಕೈಕಾಲು ಕಳೆದುಕೊಂಡ, ಬೆನ್ನುಮೂಳೆ ಮುರಿದ ಸೈನಿಕರು ಅಂಗಾತ ಮಲಗಿ ಆಸ್ಪತ್ರೆಯ ಛಾವಣಿ ನೋಡುತ್ತ ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಮಿಷಿಗನ್ನಿನ ಆ್ಯನ್ ಆರ್ಬರ್ ಊರಿನಲ್ಲಿ ಯೂಜೀನ್ ಪವರ್ ಎಂಬಾತ 1938ರಲ್ಲಿ ಮೈಕ್ರೋಫಿಲ್ಮ್ ಸಂಸ್ಥೆಯೊಂದನ್ನು ಕಟ್ಟಿದ್ದ. ಹಳೆಯ ಪುಸ್ತಕಗಳ ಪುಟಪುಟವನ್ನೂ ಪುಟ್ಟ ಫಿಲ್ಮಿಗೆ ಇಳಿಸುವ ಕೆಲಸ. ಯುದ್ಧ ಶುರುವಾದ ಮೇಲೆ ಬಾಂಬಿಗೆ ಸಿಕ್ಕಿ ಸುಟ್ಟುಹೋದೀತೆಂಬ ಭಯವಿದ್ದ ಬ್ರಿಟಿಷ್ ಹಸ್ತಪ್ರತಿಗಳನ್ನೂ ಹೀಗೆಯೇ ಫಿಲ್ಮಿಗೆ ಇಳಿಸಿದ್ದರು. ಅದೇ ತಂತ್ರವನ್ನು ಪವರ್ ಆಸ್ಪತ್ರೆಯ ಹಾಸಿಗೆಗೆ ತಂದ. ಅದೇ ಊರಿನ ಆರ್ಗಸ್ ಕ್ಯಾಮೆರಾ ಕಂಪನಿ ಪ್ರೊಜೆಕ್ಟರ್ ಮಾಡಿಕೊಟ್ಟಿತು. ಲಾಭವಿಲ್ಲದೆ ನಡೆಸುವ 'ಪ್ರೊಜೆಕ್ಟೆಡ್ ಬುಕ್ಸ್' ಎಂಬ ಸಂಸ್ಥೆ ಹುಟ್ಟಿತು.

ಉಪಾಯ ಬಹಳ ಸರಳ. ಹಾಸಿಗೆಯ ಪಕ್ಕ ಪ್ರೊಜೆಕ್ಟರ್, ಅದರೊಳಗೆ ಒಂದು ಪುಸ್ತಕದ ಫಿಲ್ಮು. ಗುಂಡಿ ಒತ್ತಿದರೆ ಪುಟ ನೆತ್ತಿಯ ಮೇಲಿನ ಛಾವಣಿಯಲ್ಲಿ ದೊಡ್ಡದಾಗಿ ಮೂಡುತ್ತದೆ. ಮತ್ತೆ ಒತ್ತಿದರೆ ಮುಂದಿನ ಪುಟ. ಗುಂಡಿಯನ್ನು ಬೆರಳಲ್ಲಿ ಒತ್ತಬಹುದು. ಬೆರಳಿಗೆ ಬಲವಿಲ್ಲದಿದ್ದರೆ ಕಾಲ್ಬೆರಳು, ಅದೂ ಇಲ್ಲದಿದ್ದರೆ ಗಲ್ಲ. ಮೈಯ ಯಾವುದಾದರೂ ಒಂದು ಭಾಗ ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ಮನುಷ್ಯ ಓದುಗನಾಗುತ್ತಾನೆ. ಲಯನ್ಸ್ ಕ್ಲಬ್ಬುಗಳು ಪ್ರೊಜೆಕ್ಟರ್ ಮತ್ತು ಫಿಲ್ಮುಗಳನ್ನು ಕೊಂಡು ಆಸ್ಪತ್ರೆಗಳಿಗೂ ಗ್ರಂಥಾಲಯಗಳಿಗೂ ದಾನ ಮಾಡಿದವು. ಈ ಯಂತ್ರದಲ್ಲಿ ಧ್ವನಿಯಿಲ್ಲ ಎಂಬುದನ್ನು ಗಮನಿಸಬೇಕು. ಇದು ಕಣ್ಣಿನ ಓದೇ. ಕಳೆದುಹೋದದ್ದು ಕೈ, ಯಂತ್ರ ತುಂಬಿಕೊಟ್ಟದ್ದೂ ಕೈಯ ಕೆಲಸವನ್ನಷ್ಟೇ.

ಯುದ್ಧ ಮುಗಿದರೂ ಈ ಯಂತ್ರಗಳಿಗೆ ಬಿಡುವು ಸಿಗಲಿಲ್ಲ, ಏಕೆಂದರೆ ಪೋಲಿಯೊ ಬಂತು. 1952ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 57 ಸಾವಿರಕ್ಕೂ ಹೆಚ್ಚು ಜನಕ್ಕೆ ಅದು ತಗುಲಿತು, ಅವರಲ್ಲಿ ಮಕ್ಕಳೇ ಬಹಳ. ಉಸಿರಾಟದ ಸ್ನಾಯುಗಳು ಕೈಕೊಟ್ಟವರನ್ನು 'ಕಬ್ಬಿಣದ ಶ್ವಾಸಕೋಶ' ಎಂಬ ಉದ್ದನೆಯ ಉರುಳೆಯೊಳಗೆ ಮಲಗಿಸುತ್ತಿದ್ದರು, ತಲೆಯಷ್ಟೇ ಹೊರಗೆ. ತಲೆಯ ಮೇಲೆ ಒಂದು ಕನ್ನಡಿ, ಅದರಲ್ಲಿ ಬಾಗಿಲು, ದಾದಿ, ಆಚೆ ಹಾಸಿಗೆ. ಕೆಲವರಿಗೆ ಮುಖದ ಮೇಲ್ಗಡೆ ಪುಸ್ತಕವನ್ನು ಬೋರಲಾಗಿ ಹಿಡಿಯುವ ಚೌಕಟ್ಟು ಕಟ್ಟುತ್ತಿದ್ದರು. ಎರಡು ಪುಟ ಓದಿದ ಮೇಲೆ ಯಾರಾದರೂ ಈ ಕಡೆ ಬರುವವರೆಗೆ ಕಾಯಬೇಕು. ಹಲ್ಲಲ್ಲಿ ಕಡ್ಡಿ ಕಚ್ಚಿ ಪುಟ ಸರಿಸುವುದನ್ನು ರೂಢಿಸಿಕೊಂಡವರಿದ್ದರು. ಮೋಟರಿನಿಂದ ಪುಟ ತಿರುವುವ ಯಂತ್ರಗಳೂ ಬಂದವು, ಆದರೆ ಅವು ಎರಡೆರಡು ಹಾಳೆ ಒಟ್ಟಿಗೆ ಮಗುಚಿಬಿಡುವ ಸ್ವಭಾವದವು. ಅಂಗಾತ ಮಲಗಿಯೇ ಎದೆಯ ಮೇಲಿನ ಪುಸ್ತಕ ಕಾಣುವಂತೆ ನೋಟವನ್ನು ಬಗ್ಗಿಸುವ ಪ್ರಿಸಂ ಕನ್ನಡಕಗಳೂ ಇದ್ದವು.

ಡಲ್ಲಾಸಿನ ಪಾಲ್ ಅಲೆಕ್ಸಾಂಡರ್ ಅದೇ 1952ರಲ್ಲಿ, ಆರನೆಯ ವಯಸ್ಸಿನಲ್ಲಿ ಆ ಉರುಳೆ ಸೇರಿದವರು. ಪಾಠಗಳನ್ನು ಬರೆದುಕೊಳ್ಳಲಾಗದೆ ನೆನಪಿನಲ್ಲೇ ಇಟ್ಟುಕೊಂಡು ಓದಿ ವಕೀಲರಾದರು. ಕೋಲಿಗೆ ಕಟ್ಟಿದ ಪೆನ್ನನ್ನು ಬಾಯಲ್ಲಿ ಹಿಡಿದು ಒಂದೊಂದೇ ಕೀಲಿ ಒತ್ತುತ್ತ ವರ್ಷಗಟ್ಟಲೆ ಕೂತು ತಮ್ಮ ಆತ್ಮಕಥೆ ಬರೆದರು. ಅವರು ತೀರಿಕೊಂಡದ್ದು 2024ರಲ್ಲಿ. ಅವರ ಛಲವನ್ನು ಎಲ್ಲ ಪತ್ರಿಕೆಗಳೂ ಹೊಗಳಿದವು. ನನ್ನ ಮನಸ್ಸು ಮಾತ್ರ ಪುಟ ತಿರುವಲು ಯಾರೂ ಸಿಗದೆ ಓದು ಬಿಟ್ಟ, ಹೆಸರು ಉಳಿಯದ ಸಾವಿರಾರು ಮಕ್ಕಳ ಕಡೆ ಹೋಗುತ್ತದೆ. ಓದಲು ಛಲ ಬೇಕಾಗುವ ಸ್ಥಿತಿಯೇ ಒಂದು ಕೊರತೆ.

ಆ ಕೊರತೆಯನ್ನು ಗ್ರಂಥಾಲಯದ ಕೆಲಸ ಎಂದು ಗುರುತಿಸಿದ ಊರುಗಳಲ್ಲಿ ಕ್ಲೀವ್‌ಲ್ಯಾಂಡಿನ ಹೆಸರು ದೊಡ್ಡದು. ಅಲ್ಲಿನ ಸಾರ್ವಜನಿಕ ಗ್ರಂಥಾಲಯ 1941ರಲ್ಲಿ ಜಡ್ ದಂಪತಿಯ ಹೆಸರಿನ ದತ್ತಿಯಿಂದ ಮನೆ ಬಿಟ್ಟು ಬರಲಾಗದವರಿಗೆಂದೇ ಒಂದು ವಿಭಾಗ ತೆರೆಯಿತು. ಕ್ಲಾರಾ ಲುಚಿಯೋಲಿ ಎಂಬ ಗ್ರಂಥಪಾಲಕಿ ಅದನ್ನು ಬೆಳೆಸಿದರು. ಸಿಬ್ಬಂದಿ ಮನೆಗೆ ಹೋಗಿ ಆಯಾ ಓದುಗರ ರುಚಿ ತಿಳಿದು ಪುಸ್ತಕ ಆರಿಸಿ ತಂದುಕೊಡುತ್ತಿದ್ದರು. ಪುಸ್ತಕ ಹಿಡಿಯಲಾಗದವರಿಗೆ ಛಾವಣಿ ಪ್ರೊಜೆಕ್ಟರನ್ನೂ ಎರವಲು ಕೊಡುತ್ತಿದ್ದರು. ಪುಸ್ತಕದ ಹಾಗೆ ಯಂತ್ರವೂ ಗ್ರಂಥಾಲಯದ ಸೊತ್ತು, ಅದನ್ನೂ ಎರವಲು ಒಯ್ಯಬಹುದು ಎಂಬುದು ಆಗ ಹೊಸ ಮಾತು.

ಆದರೆ ರಾಷ್ಟ್ರಮಟ್ಟದ ಕಾನೂನು ಇನ್ನೂ ಕಣ್ಣಿಗೇ ಅಂಟಿಕೊಂಡಿತ್ತು. ಸರ್ಕಾರದ ಹಣದಲ್ಲಿ ರೆಕಾರ್ಡಾದ ಸಾವಿರಾರು ಪುಸ್ತಕಗಳು ಕಪಾಟಿನಲ್ಲಿದ್ದವು, ಅಂಚೆ ಉಚಿತವಿತ್ತು, ಯಂತ್ರಗಳೂ ಇದ್ದವು. ಅಂಧತ್ವದ ಪ್ರಮಾಣಪತ್ರ ಇಲ್ಲದ ಪೋಲಿಯೊ ರೋಗಿಗೆ ಮಾತ್ರ ಅವು ಸಿಗುವಂತಿರಲಿಲ್ಲ. ಇದು ಬದಲಾದದ್ದು 1966ರ ಜುಲೈ 30ರಂದು. ಆ ದಿನದ ತಿದ್ದುಪಡಿ ದೈಹಿಕ ಮಿತಿಯಿಂದಾಗಿ ಮಾಮೂಲಿ ಅಚ್ಚಿನ ಪುಸ್ತಕ ಓದಲಾಗದ ಎಲ್ಲರನ್ನೂ ಸೇವೆಯೊಳಕ್ಕೆ ತಂದಿತು. ಪ್ರ್ಯಾಟ್ ಮತ್ತು ಸ್ಮೂಟರ ಕಾಯಿದೆಯಿಂದ ಇಲ್ಲಿಗೆ ಮೂವತ್ತೈದು ವರ್ಷ. ಹೊಸ ಯಂತ್ರ ಕಂಡುಹಿಡಿದು ಆಗಬೇಕಾದ್ದು ಏನೂ ಇರಲಿಲ್ಲ. ಒಂದು ವಾಕ್ಯ ಹಿಗ್ಗಬೇಕಿತ್ತು, ಅಷ್ಟಕ್ಕೆ ಮೂವತ್ತೈದು ವರ್ಷ. ಸಂಸ್ಥೆಯ ಹೆಸರಿನಲ್ಲೂ ಈ ಹಿಗ್ಗುವಿಕೆ ಕಾಣುತ್ತದೆ. ಅಂಧರ ವಿಭಾಗವಾಗಿದ್ದುದು ಅಂಧರ ಮತ್ತು ಅಂಗವಿಕಲರ ವಿಭಾಗವಾಯಿತು. 2019ರಲ್ಲಿ ಅಂಧರ ಮತ್ತು ಅಚ್ಚು ಓದಲಾಗದವರ ಸೇವೆ ಎಂದಾಯಿತು. ತೊಡಕು ಇರುವುದು ಮನುಷ್ಯನ ಮೈಗಿಂತ ಹೆಚ್ಚಾಗಿ ಅಚ್ಚಿನ ಪುಸ್ತಕದ ಆಕಾರದಲ್ಲಿ ಎಂಬ ಸೂಚನೆ ಈ ಕೊನೆಯ ಹೆಸರಿನಲ್ಲಿದೆ.

ಈಗ ನಮ್ಮ ಕಡೆಗೆ. 1931 ಇಲ್ಲೂ ಮುಖ್ಯವಾದ ವರ್ಷವೇ. ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಮದರಾಸಿನಿಂದ ಹೊರಬಂದದ್ದು ಆಗ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬ ಎರಡನೆಯ ಸೂತ್ರವನ್ನು ವಿವರಿಸುವಾಗ ಅವರು ಅಂಧರನ್ನೂ ಆಸ್ಪತ್ರೆಯ ರೋಗಿಗಳನ್ನೂ ಸೆರೆಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಮನ್ನಾರ್ಗುಡಿಯ ಕನಕಸಭೈ ಪಿಳ್ಳೈ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸಿದರು. ಗಾಡಿ ಊರ ಮುಂದೆ ನಿಲ್ಲುತ್ತಿತ್ತು. ಅಲ್ಲಿಂದ ಹಾಸಿಗೆಯವರೆಗಿನ ದಾರಿಯನ್ನು ಪುಸ್ತಕ ಇಂದಿಗೂ ಕ್ರಮಿಸಿಲ್ಲ. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಅಂಧರ ಓದಿಗೆ ಇಲ್ಲಿ ಒಂದು ಚರಿತ್ರೆಯಿದೆ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆಲ್ಲ ಒಂದೇ ಚುಕ್ಕಿಪದ್ಧತಿಯನ್ನು ತಂದಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕೇಂದ್ರ ಗ್ರಂಥಾಲಯದಲ್ಲಿ ಬ್ರೈಲ್ ವಿಭಾಗವಿದೆ. ಬ್ರೈಲ್ ಪುಸ್ತಕದ ಕಟ್ಟನ್ನು ನಮ್ಮ ಅಂಚೆ ಇಲಾಖೆಯೂ ಹಣವಿಲ್ಲದೆ ಸಾಗಿಸುತ್ತದೆ. ಆ ಸೌಲಭ್ಯದ ಹೆಸರಿನಲ್ಲೇ ಅದು ಅಂಧರ ಸಾಹಿತ್ಯ ಎಂದಿದೆ. ಕಣ್ಣಿದ್ದು ಕೈಯಿಲ್ಲದವರ ವಿಷಯದಲ್ಲಿ ನಾವು 1966ಕ್ಕಿಂತ ಹಿಂದೆಯೇ ನಿಂತಿದ್ದೇವೆ. 1965ರ ಕಾಯಿದೆಯಿಂದ ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲ ಬೆಳೆಯಿತು. ಅದಕ್ಕೆ ಮನೆ ಕಂದಾಯದ ಜೊತೆ ವಸೂಲಾಗುವ ಗ್ರಂಥಾಲಯ ಕರದ ಆಸರೆಯಿದೆ. ಹತ್ತು ವರ್ಷದಿಂದ ಹೊಸ್ತಿಲು ದಾಟದವರ ಮನೆಯಿಂದಲೂ ಆ ಕರ ಹೋಗುತ್ತದೆ. ಪುಸ್ತಕ ಮಾತ್ರ ಹೊಸ್ತಿಲ ಒಳಗೆ ಬರುವುದಿಲ್ಲ.

ಕಾನೂನಿನಲ್ಲಿ ನಾವು ಹಿಂದಿಲ್ಲ ಎಂಬುದೇ ಸೋಜಿಗ. 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿ ಅಂಗವೈಕಲ್ಯ ಇರುವವರಿಗಾಗಿ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ಬದಲಿಸಲು ಅವಕಾಶ ಕೊಟ್ಟಿತು. ಅದಕ್ಕೆ ಲೇಖಕರ, ಪ್ರಕಾಶಕರ ಅನುಮತಿ ಬೇಕಿಲ್ಲ. ಲಾಭಕ್ಕಾಗಿ ಮಾಡಬಾರದು, ಅಷ್ಟೆ. ಮರುವರ್ಷ ಮರಾಕೆಶ್ ನಗರದಲ್ಲಿ ಇದೇ ವಿಷಯದ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ಭಾರತ. ಒಪ್ಪಂದದ ಪ್ರಕಾರ ಫಲಾನುಭವಿಗಳು ಮೂರು ಬಗೆಯವರು: ಅಂಧರು, ಡಿಸ್ಲೆಕ್ಸಿಯಾದಂಥ ತೊಡಕಿನಿಂದ ಅಚ್ಚು ಓದಲಾಗದವರು, ಪುಸ್ತಕ ಹಿಡಿಯಲು ಅಥವಾ ಪುಟ ಮಗುಚಲು ಆಗದವರು. ರಾಮೆಲ್ಲಿಯ ಗೌಟಿನ ರೋಗಿ ನಾಲ್ಕು ಶತಮಾನ ದಾಟಿ ಇಲ್ಲಿ ಕಾನೂನಿನ ಒಂದು ಕಲಮಾಗಿ ಕೂತಿದ್ದಾನೆ. 2016ರಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲ ಗ್ರಂಥಾಲಯದಲ್ಲಿ ಈ ಮೂರೂ ಬಗೆಯವರು ಸದಸ್ಯರಾಗಬಹುದು.

ಯಂತ್ರದ ಪ್ರಶ್ನೆಯೂ ಮುಗಿದಂತೆಯೇ. ಹಾಸಿಗೆಗೆ ಬಗ್ಗುವ ಸ್ಟ್ಯಾಂಡ್ ಸಿಕ್ಕಿಸಿ ಫೋನನ್ನು ಮುಖದೆದುರು ನಿಲ್ಲಿಸಿದರೆ ಪವರನ ಪ್ರೊಜೆಕ್ಟರ್ ಮಾಡುತ್ತಿದ್ದುದನ್ನೆಲ್ಲ ಅದು ಮಾಡುತ್ತದೆ. 2021ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಹುಬ್ಬು ಹಾರಿಸಿದರೆ ಅಥವಾ ನಸುನಕ್ಕರೆ ಪರದೆ ಮುಂದಕ್ಕೆ ಸರಿಯುವ ಸೌಲಭ್ಯವಿದೆ. ಕಣ್ಣು ದಣಿದರೆ ಅದೇ ಫೋನು ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ.

ಆದರೆ ಓದಲು ಅದಕ್ಕೆ ಸಿಗಬೇಕಾದ್ದು ಅಕ್ಷರ. ಪುಟಗಳ ಫೋಟೋ ತೆಗೆದು ಮಾಡಿದ ಪಿಡಿಎಫ್‌ನಲ್ಲಿ ಅಕ್ಷರವಿಲ್ಲ, ಚಿತ್ರವಿದೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಒತ್ತಕ್ಷರ ಬಂದಲ್ಲಿ ಎಡವುತ್ತದೆ. ಕಂಪ್ಯೂಟರಿನಲ್ಲೇ ಜೋಡಿಸಿದ ಪುಸ್ತಕಗಳ ಕತೆ ಇನ್ನೊಂದು. ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಣ್ಣಿಗೆ ಅದು ಕನ್ನಡ. ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಹಾಗೆ ಜೋಡಿಸಿದ ಕತೆ, ಕಾದಂಬರಿ, ವಿಮರ್ಶೆಗಳ ಕಡತಗಳು ಪ್ರಕಾಶಕರ, ಡಿಟಿಪಿ ಮಾಡಿದವರ ಹಳೆಯ ಸಿಡಿಗಳಲ್ಲಿ ಉಳಿದಿವೆ. ಅವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದು ಕಾದಂಬರಿ ತಿರುಗಿಸಿ, ಅಲ್ಲಲ್ಲಿ ಕೆಟ್ಟ ಅರ್ಕಾವತ್ತು, ಒತ್ತುಗಳನ್ನು ತಿದ್ದಲು ಅಭ್ಯಾಸವಿದ್ದವರಿಗೆ ಒಂದೆರಡು ದಿನ ಸಾಕು. 2012ರ ಬಳಿಕ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಮೂಲ ಕಡತ ಕೊಡಲೇಬೇಕೆಂಬ ನಿಯಮವೂ ಇಲ್ಲದ್ದರಿಂದ ಪ್ರಕಾಶಕರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಸಿಡಿ ಹುಡುಕಿಸಿ, ಪಡೆದುಕೊಳ್ಳಬೇಕಾಗಿದೆ.